ದೀಪದ ಸುತ್ತ ಬಣ್ಣ

"ರೀ, ಬನ್ರೀ ಇಲ್ಲಿ! ದೀಪದ ಸುತ್ತ ಕಾಮನಬಿಲ್ಲು ಕಟ್ಟೈತೆ!"

ಕಾರ್ತಿಕದ ಸಂಜೆ ಲಿಂಗಪೂಜೆಗೆ ಕೂತಿದ್ದ ಗುರುಶಾಂತಮ್ಮ ಕೂಗಿದ ಕೂಗಿಗೆ, ಕೊಬ್ಬರಿಗೆಂದು ಅಟ್ಟಕ್ಕೆ ಕಾಯಿ ಏರಿಸುತ್ತಿದ್ದ ಗಂಡ ಕಾಡಸಿದ್ದಪ್ಪ ಓಡಿ ಬಂದ. ಅವನ ಕಣ್ಣಿಗೆ ಬರೀ ದೀಪ ಕಂಡಿತು. ಆದರೆ ಹೆಂಡತಿ, ಕೆಂಪು ಹೊರಗೆ, ನೀಲಿ ಒಳಗೆ ಎಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಾಗ ಮೈ ಜುಮ್ಮೆಂದಿತು.

"ನಲವತ್ತು ವರ್ಷ ಒಂದಿನ ತಪ್ಪದಂಗೆ ಪೂಜೆ ಮಾಡಿದ್ದೀಯ. ಶಿವ ಕಣ್ಬುಟ್ಟ ಕಣೇ!"

ಕಾಡಸಿದ್ದಪ್ಪನ ಬಾಯಲ್ಲಿ ಇಂಥ ಮಾತು ನಿಂತೀತೇ? ವಾರದೊಳಗೆ ಅತ್ತ ಬಿಳಿಗೆರೆಯಿಂದಲೂ ಹೆಂಗಸರು ಬಂದು ಗುರುಶಾಂತಮ್ಮನ ಕಾಲಿಗೆ ಬಿದ್ದು ಹೋದರು. ಹುಟ್ಟಿದಾಗಿನಿಂದ ಯಾರೂ ತಿರುಗಿ ನೋಡದಿದ್ದ ಹೆಂಗಸು. ಪಾಪ, ಅವಳಿಗೂ ಹಿತವಾಗಿಯೇ ಇತ್ತು.

ಸೊಸೆ ಸರ್ವಮಂಗಳ ಮಾತ್ರ ನಂಬಲಿಲ್ಲ. ತಿಪಟೂರಿನಲ್ಲಿ ಪಿಯುಸಿ ಸೈನ್ಸ್ ಓದಿದವಳು.

"ಅತ್ತೆ, ಬೆನ್ನಿಗೆ ಬಿಸ್ಲು, ಎದುರಿಗೆ ಮಳೆ ಇದ್ರೆ ಕಾಮನಬಿಲ್ಲು. ಬೆಳಕು ನೀರಿನ ಹನಿ ಹೊಕ್ಕು ಬಂದ್ರೇನೇ ಬಣ್ಣ ಬಣ್ಣವಾಗಿ ಒಡೆಯೋದು. ನಡುಮನೇಲಿ ನೀರು ಎಲ್ಲೈತೆ?"

ಗುರುಶಾಂತಮ್ಮ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ಹೊಸದಾಗಿ ಹಾಕ್ಸಿರೋ ಕರೆಂಟ್ ಬಲ್ಬಿನ ಸುತ್ತಾನೂ ಹಂಗೇ ಕಾಣ್ತೈತೆ ಕಣೇ. ಹಣೆ ಬ್ಯಾರೆ ಸಿಡೀತೈತೆ. ನಿಮ್ಮ ಮಾವಂಗೆ ಹೇಳ್ಬ್ಯಾಡ."

ಸರ್ವಮಂಗಳ ತಡೆಯಲಾರದೆ ಹೇಳಿಯೇ ಬಿಟ್ಟಳು. "ಮಾವ, ಕರೆಂಟ್ ಬಲ್ಬಿನ ಸುತ್ತಾನೂ ಹಂಗೇ ಕಾಣ್ತೈತಂತೆ. ಒಂದ್ಸಲ ಡಾಕ್ಟ್ರಿಗೆ ತೋರಿಸಾಣ."

ಕಾಡಸಿದ್ದಪ್ಪ ರೇಗಿದ. "ಶಿವನಿಗೆ ಎಣ್ಣೆ ದೀಪ ಏನು, ಕರೆಂಟ್ ಏನು? ಎರಡಕ್ಷರ ಕಲ್ತುಬುಟ್ಟು ದೇವ್ರಿಗೇ ಪಾಠ ಹೇಳ್ತೀಯಾ? ಸುಮ್ನಿರವ್ವ!"

ಶಿವರಾತ್ರಿಯ ದಿನ ಗುರುಶಾಂತಮ್ಮ ಹಾಡಹಗಲೇ ಹೊಸ್ತಿಲು ಎಡವಿ ಬಿದ್ದಳು. ಗಂಡ ಓಡಿ ಬಂದು ಎತ್ತಿ ಕೂರಿಸಿದ. ಮಾರನೆಯ ದಿನ ತಿಪಟೂರಿನ ಬಸ್ಸು ಹತ್ತಿಸಿದ.

ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿದವರು ನಿಟ್ಟುಸಿರು ಬಿಟ್ಟರು. "ಕಣ್ಣೊಳಗೆ ಒತ್ತಡ ಏರಿ, ಮೇಲಿನ ಪೊರೆಯಲ್ಲಿ ನೀರು ತುಂಬಿಕೊಂಡಿದೆ. ಬಣ್ಣ ತೋರಿಸಿದ್ದು ಆ ನೀರೇ. ಕಾರ್ತಿಕದಲ್ಲೇ ಬಂದಿದ್ರೆ ಉಳಿಸಬಹುದಿತ್ತು, ಯಜಮಾನ್ರೇ. ಈಗ ನರವೇ ಸತ್ತುಹೋಗ್ತಾ ಇದೆ."

ಭರಣಿ ಮಳೆ ಬರುವ ಹೊತ್ತಿಗೆ ಎರಡು ಕಣ್ಣೂ ಪೂರಾ ಹೋದವು. ಕಾಲಿಗೆ ಬೀಳುವವರೂ ಬರುವುದು ಬಿಟ್ಟರು.

ಒಂದು ಸಂಜೆ ಅವಳು ಹಿತ್ತಲ ಕಲ್ಲಿನ ಮೇಲೆ ತೋಟದ ಕಡೆ ಮುಖ ಮಾಡಿ ಕೂತಿದ್ದಳು. ತುಂತುರು ಶುರುವಾಯಿತು. ಒಳಗೆ ಕರೆದುಕೊಂಡು ಹೋಗಲು ಕಾಡಸಿದ್ದಪ್ಪ ಬಂದು ಅವಳ ತೋಳು ಹಿಡಿದ. ಅವಳು ಏಳಲಿಲ್ಲ.

"ಬೆನ್ನಿಗೆ ಬಿಸ್ಲು ಸುಡ್ತೈತೆ, ಮುಖಕ್ಕೆ ಹನಿ ಬೀಳ್ತೈತೆ. ಕಾಮನಬಿಲ್ಲು ಕಟ್ಟಿರಬೇಕಲ್ಲ ರೀ?"

ಕಟ್ಟಿತ್ತು. ತೆಂಗಿನ ತೋಟದ ಈ ತುದಿಯಿಂದ ಆ ತುದಿಗೆ, ಏಳು ಬಣ್ಣವೂ ಎಣಿಸುವಷ್ಟು ನಿಚ್ಚಳವಾಗಿ. ಕಾಡಸಿದ್ದಪ್ಪನಿಗೆ ದುಃಖ ಉಕ್ಕಿ ಬಂತು.

"ಇಲ್ಲ ಕಣೇ. ನಂಗೇನೂ ಕಾಣ್ತಿಲ್ಲ."

ಗುರುಶಾಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾದ್ರೆ ತಡ ಮಾಡ್ಬ್ಯಾಡಿ. ನಾಳೇನೇ ಹೋಗಿ ಡಾಕ್ಟ್ರಿಗೆ ಕಣ್ಣು ತೋರಿಸ್ಕೊಳ್ಳಿ."