ನೂರ ನಲವತ್ತಾರು ಗಂಟು

ಹಿಮದಲ್ಲಿ ನಿಂತೂ ನಿಂತೂ ಧಾರಾವಾಹಿಯ ಹುಡುಗಿ ಕೊನೆಗೆ ಕುಸಿದು ಬಿದ್ದಳು. ಬಿದ್ದರೂ ಕೈಯಲ್ಲಿದ್ದ ಬಿಳಿ ಬಟ್ಟೆಯ ಪಟ್ಟಿಯನ್ನು ನೆಲ ಮುಟ್ಟಲು ಬಿಡಲಿಲ್ಲ. ಹಿಂದಿನಿಂದ ಪಿಟೀಲು ಅತ್ತಿತು.

"ಅಕ್ಟೋಬರಲ್ಲಿ ಎಲ್ಲಿ ಹಿಮ?" ಎಂದು ತೊಮೆ ಗಂಜಿಯ ಬಟ್ಟಲು ಕೆಳಗಿಟ್ಟರು. "ತುಂತುರು ಮಳೆ ಇತ್ತು, ಅಷ್ಟೆ. ನಾನು ಬೀಳಲೂ ಇಲ್ಲ. ಮೂಗು ಸೋರ್ತಿತ್ತು."

"ಟಿವಿಲಿ ಮೂಗು ಸೋರೋದು ತೋರಿಸ್ತಾರಾ ಅತ್ತೆ?" ಸೊಸೆ ಯೊರಿಕೊ ಮಗಳ ಊಟದ ಡಬ್ಬಿ ತುಂಬುತ್ತಲೇ ನಕ್ಕಳು. ಅಷ್ಟರಲ್ಲಿ ಪರದೆಯ ಮೇಲೆ ಹೆಸರುಗಳು ಓಡತೊಡಗಿದವು. 'ನೆನಪು ಹಂಚಿಕೊಂಡವರು' ಎಂಬಲ್ಲಿ ತ್ಸುರುಗಾ ಊರಿನ ತೊಮೆ ಎಂಬ ಹೆಸರೂ ಬಂತು. ಹೋದ ವರ್ಷ ತೋಕಿಯೊದಿಂದ ಟಿವಿಯ ಹುಡುಗಿಯೊಬ್ಬಳು ಬಂದು ಎರಡು ತಾಸು ಕೂತು ಬರೆದುಕೊಂಡು ಹೋಗಿದ್ದಳು. ಯೊರಿಕೊ ಚಹಾ ಕೊಟ್ಟು ಬಾಗಿಲು ಎಳೆದುಕೊಂಡಿದ್ದಳು. ಒಳಗೆ ಏನು ಮಾತಾಯಿತೋ ಅವಳಿಗೆ ತಿಳಿಯದು.

"ನಾನು ಅವಳಿಗೆ ಹೇಳಿದ್ದು ಇದಲ್ಲ" ಎಂದರು ತೊಮೆ.

ಯುದ್ಧಕ್ಕೆ ಹೋಗುವವನ ಸೊಂಟಕ್ಕೆ ಕಟ್ಟುವ ಪಟ್ಟಿ ಅದು. ಸಾವಿರ ಹೆಂಗಸರು ತಲಾ ಒಂದೇ ಒಂದು ಗಂಟು ಕೆಂಪು ದಾರದಲ್ಲಿ ಹಾಕಬೇಕು, ಆಗ ಗುಂಡು ತಾಗುವುದಿಲ್ಲ ಎಂದು ನಂಬಿಕೆ. ಅಣ್ಣ ಇಸಾಮು ಹೊರಡಲು ಒಂದೇ ದಿನ ಉಳಿದಿತ್ತು. ಹದಿನಾಲ್ಕರ ತೊಮೆ ನಿಲ್ದಾಣದ ಮುಂದೆ ನಿಂತು ಎಂಟುನೂರ ಐವತ್ತನಾಲ್ಕು ಹಾಕಿಸಿದ್ದರು.

"ಚಳಿ ಕಣೆ. ಕೊನೇ ರೈಲೂ ಹೋಯ್ತು. ಮನೆಗೆ ಬಂದೆ, ಅಡಿಗೆ ಕೆಂಡ ಇಟ್ಟ ಮೇಜಿನ ಹೊದಿಕೆಯೊಳಗೆ ಕಾಲು ಚಾಚಿದೆ, ಉಳಿದ ನೂರ ನಲವತ್ತಾರನ್ನ ನಾನೇ ಹಾಕಿಬಿಟ್ಟೆ. ಒಂದು ಬಿಗಿ, ಒಂದು ಸಡಿಲ, ಒಂದು ಮುದುಕಿ ಹಾಕಿದ ಹಾಗೆ ಸೊಟ್ಟ. ಅಮ್ಮಂಗೆ ಗೊತ್ತೇ ಆಗ್ಲಿಲ್ಲ. ಜಾಣೆ ಅಂತ ಸುಟ್ಟ ಗೆಣಸು ಕೊಟ್ಟಳು, ತಿಂದೆ."

ಮುಂದಿನದು ಯೊರಿಕೊಗೆ ಗೊತ್ತಿತ್ತು. ಇಸಾಮು ಇದ್ದ ಹಡಗು ದಕ್ಷಿಣದ ಕಡಲಲ್ಲಿ ಮುಳುಗಿತು. ಮನೆಗೆ ಬಂದದ್ದು ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಪೆಟ್ಟಿಗೆ, ಅದರೊಳಗೆ ಹೆಸರು ಬರೆದ ಚೀಟಿ ಮಾತ್ರ.

"ಎಪ್ಪತ್ತು ವರ್ಷ ಆದ್ಮೇಲೆ ಆ ಟಿವಿಯವಳ ಹತ್ರ ಬಾಯಿ ಬಿಟ್ಟೆ. ಟಿವಿಲಿ ಬಂದ್ರೆ ಊರೆಲ್ಲ ನೋಡುತ್ತೆ, ಯಾರಾದ್ರೂ ಒಬ್ರು ಬೈತಾರೆ ಅಂದ್ಕೊಂಡೆ. ಅವಳು ಬರೀತಾ ಬರೀತಾ ಅತ್ಲು. ಅಳೋಕೆ ಯಾರು ಹೇಳಿದ್ರು ಅವಳಿಗೆ?"

ಯೊರಿಕೊ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಹಾಕುವುದನ್ನೇ ಮರೆತಳು. ಅಷ್ಟರಲ್ಲಿ ಪಕ್ಕದ ಮನೆಯ ಕಾಜಿತಾನಿ ಬೇಯಿಸಿದ ಮೂಲಂಗಿಯ ಬಟ್ಟಲು ಹಿಡಿದು ಒಳಗೆ ನುಗ್ಗಿದಳು.

"ಅಜ್ಜೀ! ನಮ್ಮನೇಲಿ ಎಲ್ಲರೂ ಅತ್ತುಬಿಟ್ವಿ. ನಮ್ಮ ಯಜಮಾನ್ರೂ ಕೂಡ! ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಒಂದು ಮಾತು ಹೇಳಿಲ್ಲ ನೀವು."

"ಹಿಮ ಇರ್ಲಿಲ್ಲ. ಸಾವಿರಾನೂ ಆಗ್ಲಿಲ್ಲ. ನಾನು ಮೋಸ ಮಾಡಿದೆ ಕಾಜಿತಾನಿ."

"ಕೇಳಿದ್ಯಾ ಯೊರಿಕೊ? ಎಂಥಾ ವಿನಯ! ಹಳೇ ಕಾಲದ ಹೆಂಗಸರು ಅಂದ್ರೆ ಹಾಗೆ." ಅವಳು ತೊಮೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನಾಳೆ ಇಲ್ಲಿಗೇ ಬಂದು ನೋಡುತ್ತೇನೆ ಎಂದು ಹೇಳಿ ಹೋದಳು.

ಟಿವಿಯವರಿಗೆ ಒಂದು ಕಾಗದ ಬರೆಯೋಣವೇ ಎಂದು ಯೊರಿಕೊ ಕೇಳಿದಳು. ತೊಮೆ ತಲೆಯಾಡಿಸಿದರು. "ಬೇಡ. ನಾಳೆ ಕಥೇಲಿ ಅಣ್ಣ ಸಾಯಬೇಕಲ್ಲ. ಆಗ ಧಾರಾವಾಹಿಯ ಹುಡುಗಿ ತಾನು ಮಾಡಿದ್ದನ್ನ ಹೇಳಲೇಬೇಕಾಗುತ್ತೆ. ಇಲ್ದಿದ್ರೆ ಅವನು ಯಾಕೆ ಸತ್ತ ಅಂತ ಜನ ಕೇಳಲ್ವಾ?"

ಮರುದಿನ ಏಳೂವರೆಗೇ ತೊಮೆ ತಲೆ ಬಾಚಿ, ಸಾವಿನ ಮನೆಗೆ ಉಡುವ ಕಪ್ಪು ಬಟ್ಟೆ ಉಟ್ಟು ಟಿವಿಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಯೊರಿಕೊ ಬಡಿಸಿದ ಗಂಜಿ ಮುಟ್ಟಲಿಲ್ಲ. ಕಾಜಿತಾನಿ ಕರವಸ್ತ್ರ ಸಮೇತ ಬಂದು ಪಕ್ಕದಲ್ಲಿ ಕೂತಳು.

ಎಂಟು ಗಂಟೆಗೆ ಸರಿಯಾಗಿ ಸಮುದ್ರ ಕಾಣಿಸಿತು. ಹಡಗಿಗೆ ಬೆಂಕಿ ಬಿತ್ತು. ತೊಮೆಯ ಉಸಿರು ಜೋರಾದದ್ದು ಯೊರಿಕೊಗೆ ಕೇಳಿಸಿತು. ಅವಳು ಮೆಲ್ಲಗೆ ಅತ್ತೆಯ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಹೊಗೆ ಸರಿಯಿತು, ವಸಂತ ಬಂತು, ಚೆರ್ರಿ ಮರ ಹೂ ಬಿಟ್ಟಿತು. ಮರದ ಕೆಳಗೆ ಕುಂಟುತ್ತಾ ಒಬ್ಬ ಸೈನಿಕ ನಡೆದು ಬಂದ. ಹುಡುಗಿ "ಅಣ್ಣಾ!" ಎಂದು ಓಡಿದಳು. ಅವನು ಅಂಗಿ ಸರಿಸಿ ಸೊಂಟದ ಪಟ್ಟಿ ತೋರಿಸಿದ. ಸಾವಿರ ಕೆಂಪು ಗಂಟುಗಳು ಹೊಸದರಂತೆ ಹೊಳೆದವು. "ಇದೇ ನನ್ನನ್ನ ಉಳಿಸಿತು ತಂಗಿ" ಎಂದ.

"ಅಯ್ಯೋ ನನ್ನಪ್ಪ, ಬದುಕಿದ!" ಕಾಜಿತಾನಿ ಚಪ್ಪಾಳೆ ತಟ್ಟಿ ಗಳಗಳನೆ ಅತ್ತಳು. "ಎದೆ ಹಗುರಾಯ್ತು ಅಜ್ಜಿ. ಬೆಳಗ್ಗೆ ಬೆಳಗ್ಗೆ ಸಾವು ತೋರಿಸ್ತಾರೇನೋ ಅಂತ ಹೆದರಿದ್ದೆ."

ಯೊರಿಕೊ ಎದ್ದು ಹೋಗಿ ಟಿವಿ ಆರಿಸಿದಳು. ಅತ್ತೆಯ ಮುಂದೆ ಮಂಡಿಯೂರಿ ಕೂತು, ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದಳು, "ಸುಳ್ಳು ಅತ್ತೆ, ಅದೆಲ್ಲ ಸುಳ್ಳು. ನೋಡೋರಿಗೆ ಖುಷಿಯಾಗ್ಲಿ ಅಂತ ಹಾಗೆ ಮಾಡ್ತಾರೆ."

"ಸುಳ್ಳು ಎಲ್ಲಿ ಬಂತು?" ಎಂದರು ತೊಮೆ, ಕಪ್ಪಾದ ಪರದೆಯನ್ನೇ ನೋಡುತ್ತಾ. "ಅವಳು ಸಾವಿರ ಜನರ ಹತ್ರ ಹಾಕಿಸಿದಳು. ಅವಳ ಅಣ್ಣ ಬಂದ. ಇವತ್ತು ಸರಿಯಾಗೇ ತೋರಿಸಿದ್ದಾರೆ."