ಎರಡೂ ಸಮ

ತಹಸೀನ್ ಸಿಸ್ಟರ್ ಟಾರ್ಚ್ ಬಿಟ್ಟು ನೋಡಿದಳು. ಉರುಕುಂದಪ್ಪನ ಎಡಗಣ್ಣಿನ ಪಾಪೆ ಬೆಳಕಿಗೆ ಸರಿಯಾಗಿ ಮುದುಡಿತು. ಬಲಗಣ್ಣಿನದು ದೊಡ್ಡದಾಗಿ ಅರಳಿ ಹಾಗೇ ಉಳಿಯಿತು. ಗಬ್ಬೂರಿನಲ್ಲಿ ಬಸ್ಸಿನ ಮೆಟ್ಟಿಲು ತಪ್ಪಿ ಬಿದ್ದು, ತಲೆಗೆ ಪೆಟ್ಟು ಮಾಡಿಕೊಂಡು, ದೇವದುರ್ಗದ ಈ ಪುಟ್ಟ ಆಸ್ಪತ್ರೆಗೆ ಈಗಷ್ಟೇ ಬಂದ ಮನುಷ್ಯ. ಒಳಗೆ ರಕ್ತ ಸೋರಿ ಮಿದುಳನ್ನು ಒತ್ತಿದರೆ ಪಾಪೆ ಹೀಗೇ ಅರಳಿ ನಿಂತುಬಿಡುತ್ತದೆ.

"ಆ ಕಣ್ಣಿಗೆ ಮುಂಜಾನಿ ಹನಿ ಹಾಕ್ಯಾರ್ರೀ," ಎಂದಳು ಹೆಂಡತಿ ವೆಂಕಮ್ಮ. "ಕಣ್ಣಿನ ಕ್ಯಾಂಪಿಗೆ ಹೋಗಿದ್ವಿ. ಪೊರಿ ಬಂದದ ಅಂತ ಬಲಗಣ್ಣಿಗೆ ಅಷ್ಟಽ ಹಾಕಿದ್ರು. ಕಣ್ಣು ಮಂಜಾಗಿ ಬಿದ್ರು ನೋಡ್ರಿ."

ಅಬ್ಬಾ, ಪಾಪೆ ಅರಳಿಸುವ ಹನಿಯ ಕೆಲಸ! ತಹಸೀನ್ ಉಸಿರು ಬಿಟ್ಟಳು. ಡಾಕ್ಟರೂ ಬಂದು ನೋಡಿ, ಹನಿಯದೇ ಇರಬೇಕು, ಆದರೂ ರಾಯಚೂರಿಗೆ ಕಳಿಸಿ ಸ್ಕ್ಯಾನ್ ಮಾಡಿಸಿಬಿಡೋಣ ಎಂದರು. ಉರುಕುಂದಪ್ಪ ಚೆನ್ನಾಗಿಯೇ ಮಾತಾಡುತ್ತಿದ್ದ, ಚಹಾ ಬೇರೆ ಕೇಳಿದ. ವೆಂಕಮ್ಮನಿಗೆ ಮಾತ್ರ ಸಮಾಧಾನವಿಲ್ಲ.

"ಒಂದು ಕಡ್ಲಿಕಾಳಷ್ಟು, ಒಂದು ಸಾಸಿವಿಕಾಳಷ್ಟು. ಹಿಂಗಽ ಇರ್ತಾವೇನ್ರೀ ಯವ್ವಾ?"

"ಫಿಕರ್ ಮಾಡಬ್ಯಾಡ್ರಿ ಅಮ್ಮಾ. ಹನಿ ಇಳಿದ ಮ್ಯಾಲ ಎರಡೂ ಸಮ ಆಗ್ತಾವ. ಸಮ ಆದ್ವು ಅಂದ್ರ ಆರಾಮ."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳಿ, ಆಂಬುಲೆನ್ಸಿಗೆ ಮತ್ತೊಮ್ಮೆ ಫೋನ್ ಮಾಡಲು ಹೊರಗೆ ಹೋದಳು. ಮಾನ್ವಿಯಿಂದ ಬರಬೇಕಾದ ಗಾಡಿ ಇನ್ನೂ ಹೊರಟೇ ಇರಲಿಲ್ಲ. ಬೇರೆ ಗಾಡಿ ಹುಡುಕುವುದರಲ್ಲಿ ಅರ್ಧ ತಾಸು ಹೋಯಿತು.

ಅಷ್ಟರಲ್ಲಿ ವೆಂಕಮ್ಮ ಓಡಿ ಬಂದಳು. ಕೈಯಲ್ಲಿದ್ದ ಮೊಬೈಲಿನ ಟಾರ್ಚ್ ಆರಿಸುವುದನ್ನೂ ಮರೆತಿದ್ದಳು. ಮುಖದ ತುಂಬ ನಗು.

"ಯವ್ವಾ, ನಿನ್ನ ಬಾಯಾಗ ಸಕ್ರಿ ಹಾಕಬೇಕು ನೋಡು! ಸಮ ಆದ್ವು! ಗಳಿಗಿಗೊಮ್ಮೆ ನಾನಽ ರೆಪ್ಪಿ ಎತ್ತಿ ನೋಡಾಕತ್ತಿದ್ದೆ. ಅವರೂ ಆರಾಮಾಗಿ ಗೊರಕಿ ಹೊಡ್ಯಾಕತ್ಯಾರ."

ಗೊರಕೆಯೆ? ತಲೆಗೆ ಪೆಟ್ಟು ಬಿದ್ದವರ ಗೊರಕೆ ನಿದ್ದೆಯದೇ ಇರಬೇಕೆಂದಿಲ್ಲ, ಅದು ತಹಸೀನಳಿಗೆ ಗೊತ್ತಿತ್ತು. ಬೆಳಿಗ್ಗೆ ಹಾಕಿದ ಹನಿ ಇಳಿಯಲು ಸಂಜೆಯಾದರೂ ಆಗಬೇಕು. ಇನ್ನೂ ಮಧ್ಯಾಹ್ನದ ಊಟದ ಹೊತ್ತು.

"ಅಮ್ಮಾ, ಲಗೂನ ಹೇಳ್ರಿ," ವಾರ್ಡಿನತ್ತ ತಿರುಗುತ್ತಲೇ ಕೇಳಿದಳು, "ಸಮ ಅಂದ್ರ... ಎರಡೂ ಸಾಸಿವಿನೋ, ಕಡ್ಲಿನೋ?"

"ಕಡ್ಲಿ, ಯವ್ವಾ!" ವೆಂಕಮ್ಮ ಹಿಗ್ಗಿನಿಂದ ಮೊಬೈಲನ್ನು ಎದೆಗೆ ಒತ್ತಿಕೊಂಡಳು. "ಸಾಸಿವಿಯಷ್ಟಿದ್ದದ್ದೂ ದೊಡ್ಡದಾತು. ಈಗ ಎರಡೂ ದುಂಡಗ ಕಡ್ಲಿಕಾಳು!"