ಫ್ರೇಮು ಮುರಿದದ್ದು ಯಾಕೆ

“ಭಾರ ಹೇರಿದ್ರ ಪೈಪು ಮೊದಲು ಬಾಗತೈತಿ, ಆಮ್ಯಾಲೆ ಮುರೀತೈತಿ. ಇದು ಬಾಗೇ ಇಲ್ಲಲ್ರಿ ಯಜಮಾನ್ರ!” ಕೊಟ್ಟೂರಿನ ವೆಲ್ಡಿಂಗ್ ಅಂಗಡಿಯ ಯರ್ರಿಸ್ವಾಮಿ ಮುರಿದ ಸೈಕಲ್ ಫ್ರೇಮನ್ನು ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತ ಹೇಳಿದ.

ಉಚ್ಚಂಗೆಪ್ಪನಿಗೆ ಆ ಮಾತು ರುಚಿಸಲಿಲ್ಲ. ಕೋಗಳಿಯಿಂದ ಆ ಫ್ರೇಮನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಅವನ ಅಪ್ಪ ಕುರಿ ಮಾರಿ ಕೊಂಡ ಇಂಗ್ಲೆಂಡಿನ ಸೈಕಲ್ಲು ಅದು. ಅಂಥ ಉಕ್ಕು ಈಗ ಎಲ್ಲಿ ಸಿಗುತ್ತದೆ ಹೇಳಿ ಎಂದು ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳುವುದು ಅವನ ಚಾಳಿ. ಅಂಥ ಸೈಕಲ್ಲನ್ನು ತಮ್ಮ ಮೈಲಾರೇಶ ಒಂದು ದಿನದ ಮಟ್ಟಿಗೆ ಕೇಳಿ ಒಯ್ದವನು, ಸೀಟಿನಿಂದ ಇಳಿದ ಪೈಪು ಪೆಡಲಿನ ಹತ್ತಿರ ಮುರಿದದ್ದನ್ನು ತಂದು ಗೋಡೆಗೆ ಒರಗಿಸಿದ್ದ. ‘ಸುಮ್ನ ಕುಂತಿದ್ದೆ, ಮುರೀತು’ ಎಂದಿದ್ದ. ‘ಸಿಮೆಂಟ್ ಚೀಲ ಹೇರಿದ್ದೆ ಅಂತ ಒಪ್ಪಿಕೊ, ಅಲ್ಲೀಮಟ ನಿನ್ನ ಹೊಸ್ತಿಲ ತುಳಿಯಂಗಿಲ್ಲ’ ಎಂದು ಉಚ್ಚಂಗೆಪ್ಪ ಇಡೀ ಓಣಿಗೆ ಕೇಳುವಂತೆ ಕೂಗಿಬಿಟ್ಟಿದ್ದ. ತಮ್ಮನೂ ಅದೇ ಅಪ್ಪನ ಮಗ, ಒಪ್ಪಲಿಲ್ಲ. ಈಗ ಬರುವ ಭಾನುವಾರ ತಮ್ಮನ ಮಗಳು ಕೀರ್ತನಾಳ ನಿಶ್ಚಿತಾರ್ಥ. ದೊಡ್ಡಪ್ಪನೇ ಇಲ್ಲದೆ ಎಲೆ ಅಡಿಕೆ ಹಿಡಿಯುವುದು ಹೇಗೆ ಎಂದು ಬೀಗರು ಆಗಲೇ ಗೊಣಗತೊಡಗಿದ್ದರು.

“ಬಾಗಲಿ ಬಿಡಲಿ, ನೀನು ಕೂಡಿಸಪ,” ಎಂದ ಉಚ್ಚಂಗೆಪ್ಪ.

“ಕೂಡಿಸ್ತೀನ್ರಿ. ಆದ್ರ ಯಾಕ ಮುರೀತು ಅಂತ ತಿಳೀಲಾರದ ಕೂಡಿಸಿದ್ರ ನನಗ ಉಂಡ ಅನ್ನ ಅರಗಂಗಿಲ್ಲ.” ಕರೆಂಟ್ ವೆಲ್ಡಿಂಗ್ ಹೊಡೆದರೆ ಹಳೆಯ ಪೈಪು ಸುಟ್ಟು ತೂತಾಗುತ್ತದೆ, ಕೆಟ್ಟ ತುದಿ ಕೊಯ್ದು, ಒಳಗೊಂದು ತುಂಡು ಪೈಪು ಕೂರಿಸಿ, ಹಿತ್ತಾಳೆ ಕರಗಿಸಿ ಬೆಸೆಯಬೇಕು ಎಂದು ಯರ್ರಿಸ್ವಾಮಿ ವಿವರಿಸಿದ.

“ಕೊಯ್ಯಲೇಬೇಕೇನಪ್ಪ?” ಕೀರ್ತನಾಳಿಗೆ ಸೀರೆ ಕೊಳ್ಳುವ ನೆಪ ಹೇಳಿ ಗಂಡನ ಬೆನ್ನು ಹತ್ತಿ ಬಂದಿದ್ದ ಭರಮಮ್ಮ ಬಾಗಿಲಲ್ಲೇ ನಿಂತು ಕೇಳಿದಳು. ಯರ್ರಿಸ್ವಾಮಿ ಆಗಲೇ ಗರಗಸ ಕೈಗೆತ್ತಿಕೊಂಡಿದ್ದ.

ಗರಗಸ ಇಟ್ಟದ್ದೇ ತಡ, ಪೈಪು ಬಾಳೆದಿಂಡಿನ ಹಾಗೆ ಕೊಯ್ದುಕೊಂಡು ಹೋಯಿತು. ಹೊರಗೆ ಬಣ್ಣ ಫಳಫಳ ಹೊಳೆಯುತ್ತಿದ್ದರೂ ಒಳಗೆ ಉಕ್ಕು ಉಳಿದೇ ಇರಲಿಲ್ಲ. ಯರ್ರಿಸ್ವಾಮಿ ತುಂಡನ್ನು ಬೋರಲು ಹಾಕಿ ತಟ್ಟಿದ. ಒಂದು ಹೆಂಟೆ ನೆಲಕ್ಕೆ ಬಿದ್ದು ಒಡೆಯಿತು. ಅದರ ಮೇಲೆಲ್ಲ ತುಕ್ಕು, ಒಡಲೊಳಗೆ ಹಳದಿ. ಅವನು ಚಿಟಿಕೆಯಷ್ಟು ಎತ್ತಿ ಮೂಸಿದ.

“ಅರಿಷಿಣ! ಸೈಕಲ್ ಪೈಪಿನ್ಯಾಗ ಅರಿಷಿಣ ಎಲ್ಲಿಂದ ಬಂತ್ರಿ?”

ಉಚ್ಚಂಗೆಪ್ಪನೂ ಕೂತು ಮೂಸಿದ. ಹುಟ್ಟಿದಾಗಿನಿಂದ ಮೈಲಾರಲಿಂಗಪ್ಪನ ಹೆಸರಿನಲ್ಲಿ ಹಣೆಗೆ ಬಳಿದುಕೊಂಡ ಪುಡಿ ಅದು, ಅವನ ಮೂಗು ಮೋಸ ಹೋಗುವುದುಂಟೆ? “ಭಂಡಾರ,” ಎಂದ, ಮೆಲ್ಲಗೆ.

“ಹಂಗಾರ ಇದರದ ಕೆಲಸ! ನೀವು ತೊಳದಾಗೆಲ್ಲ ಒಳಗಿಳಿದ ನೀರನ್ನ ಈ ಪುಡಿ ಹಿಡಕೊಂಡು ಕುಂತೈತಿ. ಒಳಗಿಂದೊಳಗ ತುಕ್ಕು ತಿಂದೈತಿ. ಆದ್ರ ಇದನ್ನ ತುಂಬಿದವರು ಯಾರು ಅಂತೀನಿ?” ಯರ್ರಿಸ್ವಾಮಿಯ ಕಣ್ಣು ಅರಳಿದ್ದವು.

ಉಚ್ಚಂಗೆಪ್ಪನ ತಲೆ ಓಡಿದ ದಿಕ್ಕೇ ಬೇರೆ. ಮುಖ ಕೆಂಪೇರಿತು. “ಮಾಟ! ಇದು ಅವನ ಕೆಲಸ. ಸೈಕಲ್ಲು ಅಣ್ಣನ ಪಾಲಿಗೆ ಹೋತು ಅಂತ ಹೊಟ್ಟಿಕಿಚ್ಚು. ಇರಲಿ, ಆಯ್ತಾರ ಹೋಗೇ ಹೋಗ್ತೀನಿ. ಬೀಗರ ನಡುವ ಇದನ್ನ ಸುರುವಿ, ಎಂಥಾ ಮನಿಯಾಗ ಹೆಣ್ಣು ತರಾಕ ಹೊಂಟೀರಿ ನೋಡ್ರಿ ಅಂತೀನಿ!” ಹೆಗಲ ಮೇಲಿನ ಟವೆಲ್ ಹಾಸಿ ಹೆಂಟೆಯ ಚೂರುಗಳನ್ನು ಆರಿಸತೊಡಗಿದ. ಆ ಗಂಟು ಬೀಗರ ಎದುರು ಬಿಚ್ಚಿದರೆ ಕೀರ್ತನಾಳ ಮದುವೆಯ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಭರಮಮ್ಮ ಬಂದು ಟವೆಲಿನ ತುದಿ ಹಿಡಿದಳು.

“ಬಿಡ್ರಿ. ಹಾಕಿದಾಕಿ ನಾನು.”

“ಏನಂದಿ?”

“ಆಯುಧಪೂಜಿ ದಿನ ಸುದ್ದಾ ನಿಮ್ಮ ಸೈಕಲ್ಲಿಗೆ ಒಂದು ಬಟ್ಟು ಹಚ್ಚಗೊಡಂಗಿಲ್ಲ. ಬಣ್ಣ ಕೆಡತೈತಿ ಅಂತ ಹಾರಾಡ್ತೀರಿ. ಅದಕ್ಕ ಆಯ್ತಾರ ಪೂಜಿ ಮುಗಿಸಿ, ಸೀಟಿನ ಕೆಳಗ ಪೈಪಿನ ಬಾಯಾಗ ಒಂದು ಚಿಟಿಕಿ ಬಿಡ್ತಿದ್ದೆ. ಒಳಗಾದ್ರ ನಿಮಗ ಕಾಣಂಗಿಲ್ಲಲ್ಲ.”

“ಯಾವಾಗಿಂದ?”

“ನಿಮ್ಮ ಮನಿಗೆ ಬಂದಾಗಿಂದ.”

ಯರ್ರಿಸ್ವಾಮಿ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದ. ಉಚ್ಚಂಗೆಪ್ಪನ ಸಿಟ್ಟಿಗೆ ಈಗ ಆಸರೆಯೇ ಇಲ್ಲದಂತಾಯಿತು. ಆದರೂ ಅಷ್ಟು ಸುಲಭಕ್ಕೆ ಇಳಿಯುವ ಸಿಟ್ಟಲ್ಲ ಅದು. “ಅಂಥಾ ಉಕ್ಕಿನ ಸೈಕಲ್ಲಿಗೆ ನಿನ್ನ ಭಂಡಾರ ಯಾಕ ಬೇಕಾಗಿತ್ತಲೇ?” ಎಂದು ಗುಡುಗಿದ.

“ಸೈಕಲ್ಲಿಗಂತ ಯಾರು ಹಾಕಿದ್ರು?” ಭರಮಮ್ಮನೂ ದನಿ ಏರಿಸಿದಳು. “ಲಾರಿ ಓಡ್ಯಾಡೋ ರಸ್ತ್ಯಾಗ ಅದರ ಮ್ಯಾಲೆ ಕುಂತು ಹೋಗಾರಿಗೆ ಏನೂ ಆಗದಿರಲಿ ಅಂತ ಹಾಕಿದ್ದು.”

ಉಚ್ಚಂಗೆಪ್ಪ ಮುರಿದ ಫ್ರೇಮನ್ನೊಮ್ಮೆ, ಅದನ್ನು ಸುತ್ತಿ ತಂದ ಕಂಬಳಿಯನ್ನೊಮ್ಮೆ ನೋಡಿದ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಟವೆಲ್ ಅಲ್ಲೇ ಬಿಟ್ಟು ಎದ್ದು, ಅಂಗಿಯ ಜೇಬಿನಿಂದ ಮೊಬೈಲ್ ತೆಗೆದು ರಸ್ತೆಯ ಅಂಚಿಗೆ ಹೋಗಿ ನಿಂತ.

“ಹೇಳಣ್ಣ,” ಎಂದಿತು ಆ ಕಡೆಯಿಂದ ಬಿಗಿದ ದನಿ.

ಉಚ್ಚಂಗೆಪ್ಪ ಮೊಬೈಲನ್ನು ಕಿವಿಗೆ ಒತ್ತಿಕೊಂಡ.

“ಮೈಲಾರಿ... ಅವತ್ತು ಸೈಕಲ್ ಮುರದಾಗ ನೀನು ಬಿದ್ದಿಯೇನು? ಎಲ್ಲಿ ಪೆಟ್ಟು ಹತ್ತಿತ್ತಪ?”